ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದ ಮೇಲೆ ಮೊದಲು ಏನು ಮಾಡಬೇಕು?

ಕೊಪ್ಪಳದಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ, 4 ಜಿಬಿ ರ‍್ಯಾಮ್, ಹೊಸದಾಗಿ ಹಾಕಿದ ಮಿಂಟ್ ಎಕ್ಸ್‌ಎಫ್‌ಸಿಇ (ಈ ಉಚಿತ ಆಪರೇಟಿಂಗ್ ಸಿಸ್ಟಂನ ಹಗುರ ಆವೃತ್ತಿ) ಅಂದಿದ್ದೀರಿ. ಹಾಗಾದರೆ ಥೀಮ್, ವಾಲ್‌ಪೇಪರ್ ಎಲ್ಲ ಆಮೇಲೆ. ಮೊದಲು ಕನ್ನಡ ಸರಿ ಮಾಡಿಕೊಳ್ಳಿ.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ (ibus-m17n, ಕನ್ನಡದಂಥ ಭಾಷೆಗಳಲ್ಲಿ ಟೈಪ್ ಮಾಡಲು ಬೇಕಾದ ತಂತ್ರಾಂಶ) ಹುಡುಕಿ ಹಾಕಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ನಂತರ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಜಿಪಿ (kgp) ಕೀಲಿಮಣೆ ವಿನ್ಯಾಸ ಸೇರಿಸಿ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಪಳಗಿದ ಬೆರಳಿಗೆ ಇದು ಪರಿಚಿತ ಕೀಲಿಮಣೆಯೇ. ಗುಬ್ಬಿ, ನವಿಲು ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ, ಎರಡೂ ಉಚಿತ.

ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಹಳೆ ನುಡಿ ಫೈಲ್‌ಗಳು ಲಿಬ್ರೆಆಫೀಸ್‌ನಲ್ಲಿ ಕಲಸುಮೇಲೋಗರವಾಗಿ ಕಾಣುತ್ತವೆ. ಗಾಬರಿ ಬೇಡ, ಯೂನಿಕೋಡ್‌ಗೆ ಬದಲಿಸಿಕೊಂಡರೆ ಸಾಕು.

ಸಿಸ್ಟಂನಲ್ಲಿ ಬೇರೇನಾದರೂ ಬದಲಿಸುವ ಮುನ್ನ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ (ಕೆಟ್ಟರೆ ಸಿಸ್ಟಂ ಅನ್ನು ಹಿಂದಿನ ಸ್ಥಿತಿಗೆ ತರುವ ಪ್ರತಿ) ತೆಗೆದಿಡಿ. ಆದರೆ ಸಾಮಾನ್ಯವಾಗಿ ಗಿರಾಕಿಗಳ ಫೈಲ್ ಅದರಲ್ಲಿ ಸೇರುವುದಿಲ್ಲ, ಅವನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿಡಿ.