ದುಡ್ಡಿದ್ದರೂ ಬೆಣ್ಣೆ ಸಿಗದ ಕಾಲ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ನ ಜನಕ್ಕೆ ಊಟದ ಸಾಮಾನೆಲ್ಲ ರೇಷನ್‌ನಲ್ಲೇ ಸಿಗುತ್ತಿತ್ತಂತೆ. ದುಡ್ಡಿದ್ದವರು ಹೇಗೋ ಜಾಸ್ತಿ ಕೊಂಡುಕೊಳ್ಳುತ್ತಿದ್ದರು ಅಲ್ವಾ?

ಉತ್ತರ: ಕಾಳಸಂತೆ ಇದ್ದೇ ಇತ್ತು, ಇಲ್ಲ ಅನ್ನೋಕಾಗಲ್ಲ. ಆದರೆ ಅದು ನೀವು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ರೇಷನ್ ಶುರುವಾಗಿದ್ದು 1940ರ ಜನವರಿ 8ರಂದು, ಮೊದಲು ಬೇಕನ್ (ಉಪ್ಪು ಹಾಕಿ ಹದಮಾಡಿದ ಹಂದಿಮಾಂಸ), ಬೆಣ್ಣೆ, ಸಕ್ಕರೆಗೆ. ಆಮೇಲೆ ಮಾಂಸ, ಚಹಾ, ಜಾಮ್, ಚೀಸ್ ಒಂದೊಂದಾಗಿ ಸೇರಿದವು. ಆ ದೇಶದ ಆಹಾರದಲ್ಲಿ ದೊಡ್ಡ ಪಾಲು ಹಡಗಲ್ಲಿ ಬರಬೇಕಿತ್ತು, ಹಡಗುಗಳನ್ನು ಜರ್ಮನಿಯ ಸಬ್‌ಮರೀನ್‌ಗಳು ಮುಳುಗಿಸುತ್ತಿದ್ದವು.

ರೇಷನ್ ಪುಸ್ತಕ ಹಿಡಿದು ಸಿಕ್ಕ ಸಿಕ್ಕ ಅಂಗಡಿಗೆ ಹೋಗುವ ಹಾಗಿರಲಿಲ್ಲ. ಒಂದು ಅಂಗಡಿಯಲ್ಲಿ ಹೆಸರು ಬರೆಸಬೇಕು, ಎಷ್ಟು ಜನ ಬರೆಸಿದ್ದಾರೋ ಆ ಲೆಕ್ಕಕ್ಕೆ ತಕ್ಕಷ್ಟೇ ಅಂಗಡಿಗೆ ಸರಕು. ಹಾಗಾಗಿ ಸಾಲಿನಲ್ಲಿ ಕೊನೆಗೆ ನಿಂತವರ ಬೆಣ್ಣೆಯೂ ಅಲ್ಲೇ ಇರುತ್ತಿತ್ತು. ಬೆಣ್ಣೆ ಅಂದರೆ ವಾರಕ್ಕೆ ಒಬ್ಬರಿಗೆ ಸುಮಾರು 57 ಗ್ರಾಂ, ಕೆಲವು ಸಲ ಸ್ವಲ್ಪ ಹೆಚ್ಚು! ಮಾಂಸದ ಲೆಕ್ಕ ಇನ್ನೂ ಮಜವಾಗಿದೆ: ತೂಕ ನೋಡುತ್ತಿರಲಿಲ್ಲ, ಬೆಲೆ ನೋಡುತ್ತಿದ್ದರು. ಯುದ್ಧದ ಬಹುಕಾಲ ಒಬ್ಬರಿಗೆ ವಾರಕ್ಕೆ 1 ಶಿಲಿಂಗ್ 2 ಪೆನ್ಸ್‌ (ಬ್ರಿಟನ್‌ನ ಆಗಿನ ಚಿಲ್ಲರೆ ನಾಣ್ಯಗಳು) ಬೆಲೆಯಷ್ಟು. ಒಳ್ಳೆ ತುಂಡು ಬೇಕು ಅಂದರೆ ಚೂರೇ ಸಿಗುತ್ತದೆ, ಅಗ್ಗದ್ದಾದರೆ ಒಂದು ಪಾತ್ರೆಗಾಗುವಷ್ಟು. ಮನೆ ನಡೆಸುವ ಹೆಂಗಸರು ಯಾವುದನ್ನು ಆರಿಸಿರಬಹುದು, ನೀವೇ ಊಹಿಸಿ.

ಡಬ್ಬಿ ತಿನಿಸುಗಳಿಗೆ 1941ರ ಡಿಸೆಂಬರ್‌ನಿಂದ ಪಾಯಿಂಟ್ ಪದ್ಧತಿ ಬಂತು. ಅಂದರೆ ಒಬ್ಬೊಬ್ಬರಿಗೂ ಇಂತಿಷ್ಟು ಪಾಯಿಂಟ್, ಒಂದೊಂದು ತಿನಿಸಿಗೂ ಇಂತಿಷ್ಟು ಪಾಯಿಂಟ್. ಈ ಪಾಯಿಂಟ್‌ಗಳನ್ನು ಯಾವ ಅಂಗಡಿಯಲ್ಲಾದರೂ ಖರ್ಚು ಮಾಡಬಹುದಿತ್ತು. ಯಾವುದಕ್ಕೆ ಜನ ಮುಗಿಬೀಳುತ್ತಾರೋ ಅದಕ್ಕೆ ಪಾಯಿಂಟ್ ಏರಿಸುವುದು, ಯಾವುದು ಹಾಗೇ ಕೂತಿದೆಯೋ ಅದಕ್ಕೆ ಇಳಿಸುವುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಜಾಣತನದ ಭಾಗ ಇದೇ.

ದುಡ್ಡಿದ್ದವರಿಗೆ ದಾರಿ ಇದ್ದದ್ದು ಹೋಟೆಲಿನಲ್ಲಿ, ಅಲ್ಲಿ ಊಟಕ್ಕೆ ರೇಷನ್ ಪುಸ್ತಕದ ಕೂಪನ್ ಬೇಕಿರಲಿಲ್ಲ. ಜನ ಗೊಣಗಿದರು. 1942ರಲ್ಲಿ ಒಂದು ಊಟಕ್ಕೆ 5 ಶಿಲಿಂಗ್ ಮೀರಬಾರದು ಅಂತ ನಿಯಮ ಬಂತು, ಆದರೂ ದೊಡ್ಡ ಹೋಟೆಲುಗಳು ಬೇರೆ ಬೇರೆ ಚಾರ್ಜ್ ಅಂತ ಮೇಲೆ ವಸೂಲಿ ಮಾಡುವುದನ್ನು ಬಿಡಲಿಲ್ಲ. ಇನ್ನು ಮದುವೆ ಕೇಕಿನ ಮೇಲೆ ಸಕ್ಕರೆಯ ಐಸಿಂಗ್ ಹಾಕುವುದನ್ನು 1940ರಲ್ಲೇ ನಿಷೇಧಿಸಿದ್ದರು. ಫೋಟೋಗೆ ಚೆನ್ನಾಗಿ ಕಾಣಲಿ ಅಂತ ಅಲಂಕಾರ ಮಾಡಿದ ರಟ್ಟಿನ ಕೇಕನ್ನು ಬಾಡಿಗೆಗೆ ತಂದು, ಪುಟಾಣಿ ಕೇಕಿನ ಮೇಲೆ ಮುಚ್ಚುತ್ತಿದ್ದರು!

ಪ್ರಶ್ನೆ: ಯುದ್ಧ ಮುಗಿದ ಕೂಡಲೇ ರೇಷನ್ ನಿಂತಿತಾ?

ಉತ್ತರ: ಎಲ್ಲಿ ನಿಂತಿತು! ಯುದ್ಧದುದ್ದಕ್ಕೂ ಬ್ರೆಡ್‌ಗೆ ರೇಷನ್ ಇರಲಿಲ್ಲ, ಯುದ್ಧ ಗೆದ್ದ ಮೇಲೆ 1946ರ ಜುಲೈನಲ್ಲಿ ಬಂತು. ಜಗತ್ತಿನಲ್ಲೆಲ್ಲ ಗೋಧಿಗೆ ಬರ ಇತ್ತು. ಅದು ಎರಡು ವರ್ಷ ನಡೆಯಿತು. 1949ರಲ್ಲಿ ಮಿಠಾಯಿಯ ರೇಷನ್ ತೆಗೆದರೆ ಜನ ಅಂಗಡಿಗಳನ್ನೇ ಖಾಲಿ ಮಾಡಿಬಿಟ್ಟರು. ಕೆಲವೇ ತಿಂಗಳಲ್ಲಿ ಮತ್ತೆ ರೇಷನ್ ಹೇರಬೇಕಾಯಿತು, 1953ರ ತನಕ. ಕೊನೆಗೆ ಹೋಗಿದ್ದು ಮಾಂಸದ ರೇಷನ್, 1954ರ ಜುಲೈ ಮೊದಲ ವಾರದಲ್ಲಿ.