ಪಿಂಪ್ರಿ-ಚಿಂಚವಾಡದ ಹಳೇ ಟೊಪೊ ಶೀಟು ಯಾವುದು? ಹೇಗೆ ಓದಬೇಕು?

ಕಾರ್ಖಾನೆಗಳು ಬರುವ ಮುಂಚೆ ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡ ಹೇಗಿತ್ತು ಅಂತ ತೋರಿಸುವ ಟೊಪೊ ಶೀಟು, ಅಂದರೆ ಬೆಟ್ಟ, ಹೊಳೆ, ಊರು, ಹಾದಿ ಎಲ್ಲ ತೋರಿಸುವ ಸರ್ಕಾರಿ ನಕ್ಷೆ, ಕೇಳಿದ್ದೀರಿ. ನಾನು ಇಲ್ಲಿಯದೇ ನಿಗಡಿಯವನು, ಈ ಶೀಟುಗಳೆಂದರೆ ನನಗೆ ತುಂಬಾ ಇಷ್ಟ.

ಮೊದಲು ಶೀಟಿನ ನಂಬರ್ ತಿಳಿದಿರಲಿ. ದೇಶದ ನಕ್ಷೆ ಮಾಡುವ ಸರ್ಕಾರಿ ಸಂಸ್ಥೆ ಸರ್ವೆ ಆಫ್ ಇಂಡಿಯಾದ ಲೆಕ್ಕದಲ್ಲಿ ಪುಣೆ, ಪಿಂಪ್ರಿ, ಚಿಂಚವಾಡ 47 ಎಫ್/14ರಲ್ಲಿ ಬರುತ್ತವೆ. ಹಿಂಜೆವಾಡಿ, ತಳೇಗಾಂವ್, ಮುಳಶಿ ಕಡೆಯ ಬೆಟ್ಟಗಳು ಪಕ್ಕದ 47 ಎಫ್/10ರಲ್ಲಿವೆ. ಎರಡನ್ನೂ ಜೋಡಿಸಿಯೇ ನೋಡಿ. ನಮ್ಮೂರಲ್ಲಿ ಹರಿಯುವ ಪವನಾ ನದಿಗೆ ನೀರು ಬರುವುದು ಪಶ್ಚಿಮದ ಸಹ್ಯಾದ್ರಿಯಿಂದ, ಅಲ್ವಾ?

ನಿಮಗೆ ಬೇಕಾದದ್ದು ಇಂಚಿಗೆ ಒಂದು ಮೈಲಿ ಅಳತೆಯ ಹಳೇ ಶೀಟು. ಮೀಟರ್ ಪದ್ಧತಿ ಬಂದ ಮೇಲಿನವು 1:50,000 ಅಳತೆಯವು. ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಅನ್ನುವ ಔಷಧ ಕಾರ್ಖಾನೆ ಪಿಂಪ್ರಿಗೆ ಬಂದದ್ದು 1954ರಲ್ಲಿ, ಕೈಗಾರಿಕೆಗೆ ಜಾಗ ಮಾಡಿಕೊಡುವ ಮಹಾರಾಷ್ಟ್ರ ಸರ್ಕಾರದ ನಿಗಮ ಎಂಐಡಿಸಿ ಹುಟ್ಟಿದ್ದು 1962ರಲ್ಲಿ. ನಕ್ಷೆಯ ಸರ್ವೆ ಇವೆರಡಕ್ಕಿಂತ ಮುಂಚಿನದಿರಬೇಕು. ಮುದ್ರಣದ ಇಸವಿ ನಂಬಬೇಡಿ. ಹಳೇ ಸರ್ವೆಯನ್ನೇ ಎಷ್ಟೋ ವರ್ಷ ಆದಮೇಲೂ ಮತ್ತೆ ಅಚ್ಚು ಹಾಕುತ್ತಿದ್ದರು. ಸರ್ವೆಯ ಇಸವಿ ಅಂಚಿನಲ್ಲಿ ಬೇರೆಯಾಗಿ ಬರೆದಿರುತ್ತದೆ.

ಈ ಶೀಟಿಗಾಗಿ ಹಳೇ ಕಾಲೇಜುಗಳ ಭೂಗೋಳ ವಿಭಾಗದಲ್ಲಿ ವಿಚಾರಿಸಿ. ಅಮೆರಿಕ ಸೈನ್ಯ 1950ರ ದಶಕದಲ್ಲಿ ಮಾಡಿದ 1:2,50,000 ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಊರು, ರೈಲು ಹಾದಿ ನೋಡಲು ಸಾಕು, ಹಳ್ಳಗಳಿಗೆ ಸಾಲದು.

ನಾನು ಜಾಸ್ತಿ ಹೊತ್ತು ನೋಡುವುದು ಈ ಹಳ್ಳಗಳನ್ನೇ. ಇಂಚಿನ ಶೀಟಿನಲ್ಲಿ ಹಳದಿ ಅಂದರೆ ಹೊಲ, ಕಂದು ಗೆರೆ ಅಂದರೆ ಎತ್ತರ. ವರ್ಷವಿಡೀ ನೀರಿರುವ ಹೊಳೆ ನೀಲಿ. ಬೇಸಿಗೆಯಲ್ಲಿ ಒಣಗುವ ಹಳ್ಳ ಮಾತ್ರ ಕಪ್ಪು ಗೆರೆ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ದಡದ ಪಕ್ಕ ಒಂದು ಅಂಕಿ, ಅದರ ಜೊತೆ ಇಂಗ್ಲಿಷಿನ ಸಣ್ಣ ಆರ್ ಅಕ್ಷರ ಇದ್ದರೆ ಅದು ದಡದ ಎತ್ತರ, ಅಡಿ ಲೆಕ್ಕದಲ್ಲಿ. ಹತ್ತು ಅಡಿ ದಡ ಇರುವ ಹಳ್ಳವನ್ನು ಸುಮ್ನೆ ಚರಂಡಿ ಅನ್ನಲಾಗದು. ಮಳೆಗಾಲದಲ್ಲಿ ಅದು ಹೊಳೆಯೇ. ವಿಜಯಪುರ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದ ನಮ್ಮವರು ಎಷ್ಟೋ ಜನ ಇಂಥ ಹಳ್ಳಗಳ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದಾರೆ. ಅದಕ್ಕೇ ಈ ಕಪ್ಪು ಗೆರೆ ನನಗೆ ದೊಡ್ಡ ವಿಷಯ.

ಈ ಗೆರೆಗಳನ್ನು ಇವತ್ತಿನ ಸ್ಯಾಟಲೈಟ್ ಚಿತ್ರದ ಮೇಲೆ ಇಟ್ಟು ನೋಡಿ. ನೇರವಾಗಿ ಇಟ್ಟರೆ ಕೂರುವುದಿಲ್ಲ. ಹಳೇ ನಕ್ಷೆಗಳು ಎವರೆಸ್ಟ್ ಗೋಳ ಅನ್ನುವ, ಭೂಮಿಯ ಆಕಾರದ ಹಳೇ ಲೆಕ್ಕದವು, ಜಿಪಿಎಸ್‌ನ ಲೆಕ್ಕ ಬೇರೆ. ದಾಪೋಡಿಯ ರೈಲು ಸೇತುವೆ, ಹಳ್ಳಿಗಳ ಹಳೇ ದೇವಸ್ಥಾನಗಳಂಥ ಜಾಗ ಬದಲಾಗದ ಗುರುತುಗಳನ್ನು ಹಿಡಿದು ಹೊಂದಿಸಿ. ಇದಕ್ಕೆ ಕ್ಯುಜಿಐಎಸ್ ಅನ್ನುವ ಉಚಿತ ನಕ್ಷೆ ಸಾಫ್ಟ್‌ವೇರ್ ಸಾಕು.

ನಿಮ್ಮ ಮನೆ ಯಾವ ಪೇಟೆಯಲ್ಲಿದೆ ಅಂತ ಬರೆಯಿರಿ, ಹತ್ತಿರದ ಹಳ್ಳ ಎಲ್ಲಿ ಹರಿಯುತ್ತಿತ್ತು ಅಂತ ನನ್ನ ಶೀಟಿನಲ್ಲಿ ನೋಡಿ ಹೇಳುತ್ತೇನೆ.