ಮೊಲೆಕೂಸುಗಳನ್ನೂ ಉಳಿಸಬೇಡ ಎಂಬ ವಾಕ್ಯವನ್ನು ನಾನು ಹೇಗೆ ಓದುತ್ತೇನೆ

ನೀವು ಕೇಳಿದ್ದು ಇಷ್ಟು: ಬೈಬಲ್ಲಿನ 1 ಸಮುವೇಲ ಎಂಬ ಪುಸ್ತಕದ 15ನೆಯ ಅಧ್ಯಾಯದಲ್ಲಿ, ಇಸ್ರಾಯೇಲ್ಯರ ವೈರಿಗಳಾದ ಅಮಾಲೇಕ್ಯರ ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ದನಕುರಿ, ಒಂಟೆ, ಕತ್ತೆ ಯಾವುದನ್ನೂ ಉಳಿಸದೆ ಕೊಲ್ಲು ಎಂದು ಇಸ್ರಾಯೇಲಿನ ಅರಸ ಸೌಲನಿಗೆ ದೇವರ ಹೆಸರಿನಲ್ಲಿ ಅಪ್ಪಣೆಯಾಗುತ್ತದೆ. ದೇವರು ಪ್ರೀತಿಸ್ವರೂಪಿ ಎನ್ನುವ ಕ್ರೈಸ್ತರು ಇದನ್ನು ಓದುವಾಗ ಏನು ಮಾಡುತ್ತೀರಿ, ಹಾರಿಸಿಬಿಡುತ್ತೀರಾ?

ಹೌದು, ನಮ್ಮಲ್ಲಿ ಬಹಳ ಮಂದಿ ಹಾರಿಸಿಬಿಡುತ್ತೇವೆ. ಹಲವು ದೇಶಗಳ ಪ್ರಾಟೆಸ್ಟೆಂಟ್ ಸಭೆಗಳು ಭಾನುವಾರದ ಆರಾಧನೆಗೆ ಬಳಸುವ ಪಾಠಪಟ್ಟಿಯೊಂದು 1992ರಲ್ಲಿ ಹೊರಬಂತು. ಅದರಲ್ಲಿ ಈ ಅಧ್ಯಾಯದ ಓದು ಶುರುವಾಗುವುದೇ 34ನೆಯ ವಚನದಿಂದ. ಅದರ ಹಿಂದಿನ ವಚನದಲ್ಲಿ ಪ್ರವಾದಿ ಸಮುವೇಲ ಸೆರೆಸಿಕ್ಕ ಅಮಾಲೇಕ್ಯರ ಅರಸ ಅಗಾಗನನ್ನು ತುಂಡುತುಂಡಾಗಿ ಕಡಿದುಹಾಕಿರುತ್ತಾನೆ. ರಕ್ತ ಒರೆಸಿದ ಮೇಲೆ ಓದು ಶುರು ಮಾಡಿದಂತೆ. ಕ್ಯಾಥೊಲಿಕ್ ಸಭೆ ಕೂಡ 1971ರಲ್ಲಿ ಪರಿಷ್ಕರಿಸಿದ ತನ್ನ ನಿತ್ಯಪ್ರಾರ್ಥನೆಯ ಪುಸ್ತಕದಿಂದ ಬೈಬಲ್ಲಿನ ಶಾಪ ತುಂಬಿದ 3 ಕೀರ್ತನೆಗಳನ್ನು ಪೂರ್ತಿಯಾಗಿಯೇ ಕೈಬಿಟ್ಟಿತು. ಬಿಟ್ಟವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆರಾಧನೆಯಲ್ಲಿ ಓದದ ಮಾತ್ರಕ್ಕೆ ಆ ಪುಟ ಪುಸ್ತಕದಿಂದ ಹೋಗುವುದಿಲ್ಲ. ಮಕ್ಕಳ ಕೈಗೆ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ.

ನನ್ನ ಕಣ್ಣೆದುರೇ ಸಿಕ್ಕಿತು. ನಮ್ಮದು ಗದಗ-ಬೆಟಗೇರಿ ಕಡೆಯ ಮನೆತನ, ಅಜ್ಜನ ಕಾಲದಲ್ಲಿ ಬಾಸೆಲ್ ಮಿಷನ್ ಸಭೆ, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ಸಂಡೆ ಸ್ಕೂಲಿನಲ್ಲಿ ಹಲವು ವರ್ಷ ಪಾಠ ಹೇಳಿದ್ದೇನೆ. ಒಂದು ಭಾನುವಾರದ ಪಾಠ 'ವಿಧೇಯತೆ'. ಸೌಲ ಒಳ್ಳೊಳ್ಳೆಯ ಕುರಿಗಳನ್ನು ಯಜ್ಞಕ್ಕೆಂದು ಉಳಿಸಿಕೊಂಡ, ದೇವರ ಮಾತು ಮೀರಿದ, ಯಜ್ಞಕ್ಕಿಂತ ಮಾತು ಕೇಳುವುದೇ ಮೇಲು. ಪಾಠದ ಹಾಳೆಯಲ್ಲಿ ಬಣ್ಣ ತುಂಬಲು ಎರಡು ಕುರಿಯ ಚಿತ್ರ. ಹತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದಳು, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ್ದಕ್ಕೆ. ಅವಳು ಹಾಳೆ ಬಿಟ್ಟು ಸತ್ಯವೇದವನ್ನೇ, ಅಂದರೆ ಬೈಬಲ್ಲನ್ನೇ, ತೆರೆದು 3ನೆಯ ವಚನದ ಮೇಲೆ ಬೆರಳಿಟ್ಟಿದ್ದಳು. ಕೂಸು ಆ ಬೆರಳನ್ನು ಹಿಡಿದು ಜಗ್ಗುತ್ತಿತ್ತು. "ಟೀಚರ್, ಕೂಸುಗಳು ಏನು ಮಾಡಿದ್ದವ್ರೀ?" ಎಂದಳು.

"ದೊಡ್ಡವರಾದ ಮೇಲೆ ಅವರೂ ವೈರಿಗಳೇ ಆಗುತ್ತಿದ್ದರಲ್ಲಮ್ಮಾ" ಎಂದೆ.

ಅವಳು ಮತ್ತೇನೂ ಕೇಳಲಿಲ್ಲ. ತಮ್ಮನ ಕೈಯನ್ನು ಮೆಲ್ಲಗೆ ಪುಟದಿಂದ ತೆಗೆದು ತನ್ನ ಎದೆಗೆ ಒತ್ತಿಕೊಂಡಳು. ಆ ಉತ್ತರ ನನ್ನ ಬಾಯಿಂದ ಬಂತಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ. ಯಾವ ಕಾಲದಲ್ಲೇ ಆಗಲಿ ಮಕ್ಕಳನ್ನು ಕೊಂದವರು ಹೇಳಿದ ಮಾತೇ ಅದು. ಅದನ್ನು ನಾನು ದೇವರ ಪರವಾಗಿ, ಒಂದು ಮಗುವಿಗೆ ಹೇಳಿದ್ದೆ. ಈ ಅಧ್ಯಾಯವನ್ನು ಬಿಡದೆ ಓದಲು ಶುರು ಮಾಡಿದ್ದು ಆ ದಿನದಿಂದ.

ನಂಬಿಕೆಯವರು ಕೊಡುವ ಉತ್ತರಗಳಲ್ಲಿ ಮೊದಲಿಗೆ ನನಗೆ ಆಸರೆಯಾದದ್ದು 'ಇದು ಯುದ್ಧದ ಭಾಷೆ' ಎನ್ನುವುದು. ಸುಳ್ಳಲ್ಲ. 15ನೆಯ ಅಧ್ಯಾಯದಲ್ಲಿ ಸೌಲ ಅಮಾಲೇಕ್ಯ ಜನರನ್ನೆಲ್ಲ ಕತ್ತಿಯಿಂದ ಸಂಹರಿಸಿದ ಎಂದಿದೆ. ಆದರೆ 30ನೆಯ ಅಧ್ಯಾಯದಲ್ಲಿ ಅದೇ ಅಮಾಲೇಕ್ಯರು ಬಂದು, ಮುಂದೆ ಅರಸನಾಗುವ ದಾವೀದನ ಊರು ಚಿಕ್ಲಗನ್ನು ಸುಟ್ಟುಹಾಕುತ್ತಾರೆ. ಅವರಲ್ಲಿ 400 ಯುವಕರು ಒಂಟೆ ಏರಿ ತಪ್ಪಿಸಿಕೊಳ್ಳುತ್ತಾರೆ. ಎಲ್ಲರೂ ಸತ್ತಿದ್ದರೆ ಇವರೆಲ್ಲಿಂದ ಬಂದರು? ಆ ಕಾಲದ ಅರಸರೆಲ್ಲ ಹೀಗೆಯೇ ಕೆತ್ತಿಸುತ್ತಿದ್ದರು. ಐಗುಪ್ತದ ಮೆರ್ನೆಪ್ತಾ ಎಂಬ ಫರೋಹ ಕ್ರಿಸ್ತಪೂರ್ವ 1208ರ ಸುಮಾರಿಗೆ 'ಇಸ್ರಾಯೇಲ್ ಹಾಳಾಯಿತು, ಅದರ ಬೀಜವೂ ಉಳಿದಿಲ್ಲ' ಎಂಬ ಅರ್ಥದಲ್ಲಿ ಬರೆಯಿಸಿದ. ಬೈಬಲ್ಲಿನ ಹೊರಗೆ ಇಸ್ರಾಯೇಲ್ ಎಂಬ ಜನರ ಹೆಸರು ಸಿಗುವ ಅತಿ ಹಳೆಯ ಕಲ್ಲು ಅದೇ, 1896ರಲ್ಲಿ ಸಿಕ್ಕಿತು. 1868ರಲ್ಲಿ ಈಗಿನ ಜೋರ್ಡಾನಿನಲ್ಲಿ ಸಿಕ್ಕ ಮೋವಾಬಿನ ಅರಸ ಮೇಷನ ಕಲ್ಲಿನಲ್ಲಿ, ನೆಬೋ ಎಂಬ ಊರಿನ ಇಸ್ರಾಯೇಲ್ಯರನ್ನು ತನ್ನ ದೇವತೆಗೆ ಮೀಸಲಾಗಿ ಕೊಂದೆ ಎಂದಿದೆ. ಅಲ್ಲಿ ಬಳಸಿರುವ ಪದ ಹೀಬ್ರೂವಿನ 'ಹೇರೆಮ್' ಎಂಬುದರದೇ ಮೂಲ, ನಮ್ಮ ಅಧ್ಯಾಯದಲ್ಲಿರುವ ಪದವೇ. ನಮ್ಮ ಹಳಗನ್ನಡ ಶಾಸನಗಳಲ್ಲಿ ಅರಸರನ್ನು ಹೊಗಳುವ ಪ್ರಶಸ್ತಿ ಭಾಗ ಓದಿದವರಿಗೆ ಈ ಧಾಟಿ ಹೊಸದೇನಲ್ಲ.

ಆದರೂ ನೋಡಿ, ಇದು ಆ ಹುಡುಗಿಗೆ ಉತ್ತರವಲ್ಲ. ಒಂದು ಕೂಸೂ ನಿಜವಾಗಿ ಸಾಯಲಿಲ್ಲ ಎಂದೇ ಇಟ್ಟುಕೊಳ್ಳೋಣ. ಸಾಯಲೆಂದು ದೇವರು ಬಯಸಿದ ಎಂದು ಪುಟ ಹೇಳುತ್ತಲೇ ಇರುತ್ತದೆ.

ಇನ್ನೊಂದು ಹಾದಿ ಹಳೆಯದು. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಗುರು ಒರಿಗೆನ್, ಯೆಹೋಶುವನ ಪುಸ್ತಕದ ಮೇಲೆ ಪ್ರಸಂಗ ಮಾಡುತ್ತ, ಈ ಯುದ್ಧಗಳು ಆತ್ಮದ ಯುದ್ಧಗಳ ಗುರುತಾಗಿರದಿದ್ದರೆ ಶಾಂತಿ ಕಲಿಸಿದ ಕ್ರಿಸ್ತನ ಶಿಷ್ಯರು ಇವನ್ನು ಸಭೆಯಲ್ಲಿ ಓದಲು ಕೊಡುತ್ತಲೇ ಇರಲಿಲ್ಲ ಎಂದ. ಕೊಲ್ಲಬೇಕಾದ್ದು ನಮ್ಮೊಳಗಿನ ಕೋಪ, ಆಸೆ, ಹಮ್ಮುಗಳನ್ನು. 6ನೆಯ ಶತಮಾನದಲ್ಲಿ ಸನ್ಯಾಸಿ ಬೆನೆಡಿಕ್ಟ್ ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ 137ನೆಯ ಕೀರ್ತನೆಯನ್ನು ಹಾಗೆಯೇ ಓದಿದ: ಕೆಟ್ಟ ಯೋಚನೆ ಕೂಸಾಗಿರುವಾಗಲೇ ಕ್ರಿಸ್ತನೆಂಬ ಬಂಡೆಗೆ ಅಪ್ಪಳಿಸು. ಪ್ರಾರ್ಥನೆಗೆ ಕೂತಾಗ ನಾನೂ ಇದನ್ನು ಬಳಸುತ್ತೇನೆ. ಆದರೆ ಅಮಾಲೇಕ್ಯರ ಕೂಸು ಯಾರದೋ ಕೋಪವಲ್ಲ, ಕೂಸೇ. ಅದನ್ನು ರೂಪಕ ಮಾಡಿ ಪಕ್ಕಕ್ಕಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನ ಬಂಧುಗಳಲ್ಲಿ ಹಲವರು ಹೇಳುವುದು ಬೇರೆ: ಜೀವ ಕೊಟ್ಟವನಿಗೆ ತೆಗೆಯುವ ಹಕ್ಕಿದೆ, ಐಗುಪ್ತದಿಂದ ಬರುತ್ತಿದ್ದ ಇಸ್ರಾಯೇಲ್ಯರಲ್ಲಿ ದಣಿದು ಹಿಂದೆ ಬಿದ್ದವರ ಮೇಲೆ ಅಮಾಲೇಕ್ಯರು ಬಿದ್ದಿದ್ದರು, ಇದು ನ್ಯಾಯತೀರ್ಪು. ಅವರ ಭಕ್ತಿಯನ್ನು ನಾನು ಲಘುವಾಗಿ ಕಾಣುವುದಿಲ್ಲ. ನನಗಿಂತ ಹೆಚ್ಚು ಉಪವಾಸ ಮಾಡಿದವರು, ಹೆಚ್ಚು ರೋಗಿಗಳ ಮಗ್ಗುಲಲ್ಲಿ ಕೂತವರು ಅವರಲ್ಲಿದ್ದಾರೆ. ಆದರೆ ಇದನ್ನು ಒಪ್ಪಿದರೆ ದೇವರು ಒಳ್ಳೆಯವನು ಎನ್ನುವಾಗ 'ಒಳ್ಳೆಯ' ಎಂಬ ಮಾತಿಗೆ ಏನು ಅರ್ಥ ಉಳಿಯಿತು? ಅಲ್ಲದೆ ಈ ಓದು ಪುಸ್ತಕದೊಳಗೇ ನಿಲ್ಲುವುದಿಲ್ಲ. 1689ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡಿನ ಪಾದ್ರಿ ಕಾಟನ್ ಮ್ಯಾದರ್, ಅಲ್ಲಿನ ಮೂಲನಿವಾಸಿಗಳ ಮೇಲೆ ದಂಡೆತ್ತಿ ಹೊರಟ ಸೈನಿಕರಿಗೆ ಮಾಡಿದ ಪ್ರಸಂಗದಲ್ಲಿ ಆ ಜನರನ್ನು ಅಮಾಲೇಕ್ಯರಿಗೆ ಹೋಲಿಸಿದ.

ನನ್ನ ಕಣ್ಣು ತೆರೆಸಿದ್ದು ಇದೇ 1 ಸಮುವೇಲ ಪುಸ್ತಕದ 22ನೆಯ ಅಧ್ಯಾಯ. ದಾವೀದನಿಗೆ ರೊಟ್ಟಿ ಕೊಟ್ಟರೆಂಬ ಸಿಟ್ಟಿಗೆ ಸೌಲ ನೋಬ್ ಎಂಬ ಊರಿನ ಯಾಜಕರನ್ನು ಕೊಲ್ಲಿಸುತ್ತಾನೆ. 85 ಮಂದಿ ಯಾಜಕರು. ಆಮೇಲೆ ಊರನ್ನೇ. 19ನೆಯ ವಚನವನ್ನು 15:3ರ ಪಕ್ಕದಲ್ಲಿಟ್ಟು ಓದಿ: ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ದನ, ಕತ್ತೆ, ಕುರಿ. ಅದೇ ಪಟ್ಟಿ. ಒಂಟೆಯೊಂದು ಇಲ್ಲ, ಅಷ್ಟೆ. ವೈರಿಗಳ ಮೇಲೆ ಬಿದ್ದಾಗ ಪವಿತ್ರ ಎನಿಸಿಕೊಂಡ ಮಾತು ನಮ್ಮವರ ಮೇಲೆ ಬಿದ್ದಾಗ ಘೋರ ಪಾಪ. ಕಥೆ ಹೇಳಿದವನು ಅದೇ ಪದಗಳನ್ನು ತಿಳಿಯದೆ ಬಳಸಿದ ಎಂದು ನಾನು ನಂಬಲಾರೆ. 15ರಲ್ಲಿ ಅವನು ಸಮುವೇಲನ ಪಕ್ಷವೇ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಏಳು ಅಧ್ಯಾಯ ದಾಟಿದ ಮೇಲೆ ಅದೇ ಕತ್ತಿಯನ್ನು ನಮ್ಮ ಕಡೆ ತಿರುಗಿಸಿ ತೋರಿಸುತ್ತಾನೆ.

ಯೆಹೂದ್ಯರ ಹಿರಿಯರು ಇದನ್ನು ಎಂದೋ ಕಂಡಿದ್ದರು. ಅವರ ಧರ್ಮಚರ್ಚೆಗಳ ಗ್ರಂಥವಾದ ತಲ್ಮೂದಿನಲ್ಲಿ ಸೌಲ ತನ್ನೊಳಗೇ ವಾದ ಮಾಡುತ್ತಾನೆ: ದೊಡ್ಡವರು ಪಾಪ ಮಾಡಿದರು ಸರಿ, ಮಕ್ಕಳದೇನು ಪಾಪ? ದನಗಳದೇನು? ಆಗ ಅತಿ ನೀತಿವಂತನಾಗಬೇಡ ಎಂದು ಆಕಾಶದಿಂದ ಧ್ವನಿ. ನೋಬಿನ ಯಾಜಕರನ್ನು ಕೊಲ್ಲೆಂದು ಅವನೇ ಹೇಳುವಾಗ ಮತ್ತೆ ಧ್ವನಿ: ಅತಿ ದುಷ್ಟನಾಗಬೇಡ. ಗದರಿಕೆ ಬಂದರೂ ಸೌಲನ ಪ್ರಶ್ನೆಯನ್ನು ಅವರು ಅಳಿಸಲಿಲ್ಲ, ದಾಖಲಿಸಿಟ್ಟರು. ಅದೇ ತಲ್ಮೂದಿನ ಇನ್ನೊಂದು ಕಡೆ, ಯೆಹೂದ್ಯರನ್ನು ನಿರ್ನಾಮ ಮಾಡಲು ಹೊರಟ, ಅಗಾಗನ ಸಂತತಿಯವನೆನ್ನುವ ಹಾಮಾನನ ಮಕ್ಕಳ ಮಕ್ಕಳು ಬ್ನೇಬ್ರಾಕ್ ಎಂಬ ಊರಿನಲ್ಲಿ ಧರ್ಮಶಾಸ್ತ್ರ ಕಲಿಸಿದರು ಎಂಬ ಮಾತಿದೆ. ನಿರ್ವಂಶ ಮಾಡು ಎಂದು ಹೇಳಿದ್ದ ವಂಶದ ಕುಡಿಗಳು ಗುರುಗಳಾದರು.

ನಾನು ನಿಂತಿರುವುದು ಇಲ್ಲಿ. ಸತ್ಯವೇದ ಒಂದೇ ಸಲ ಮೇಲಿನಿಂದ ಬಿದ್ದ ಕಾನೂನು ಪುಸ್ತಕವಲ್ಲ, ದೇವರೊಂದಿಗೆ ಒಂದು ಜನಾಂಗ ನೂರಾರು ವರ್ಷ ಜಗಳವಾಡಿ, ತಪ್ಪು ಕೇಳಿಸಿಕೊಂಡು, ತಿದ್ದಿಕೊಂಡ ದಾಖಲೆ. ತಿದ್ದುಪಡಿಯೂ ಒಳಗೇ ಇದೆ. ಅರಸ ಅಹಾಬನ ಮನೆತನವನ್ನು ಕೊಚ್ಚಿಹಾಕಿದ ಯೇಹುವನ್ನು 2 ಅರಸುಗಳು 10ರಲ್ಲಿ ದೇವರು ಮೆಚ್ಚುತ್ತಾನೆ. ಪ್ರವಾದಿ ಹೋಶೇಯನ ಪುಸ್ತಕದ ಮೊದಲ ಅಧ್ಯಾಯದಲ್ಲಿ, ಇಜ್ರೇಲಿನಲ್ಲಿ ಚೆಲ್ಲಿದ ಆ ರಕ್ತಕ್ಕೇ ಯೇಹುವಿನ ಮನೆತನವನ್ನು ದಂಡಿಸುವೆನೆನ್ನುತ್ತಾನೆ. ಮೋವಾಬ್ಯರು ದೇವರ ಸಭೆಗೆ ಸೇರಕೂಡದು ಎಂದು ಧರ್ಮೋಪದೇಶಕಾಂಡ. ಮೋವಾಬಿನ ರೂತಳೇ ದಾವೀದನ ಮುತ್ತಜ್ಜಿ. ಪ್ರವಾದಿ ಎಲೀಯ ಬೆಂಕಿ ಸುರಿಸಿದಂತೆ ನಾವೂ ಸುರಿಸೋಣವೇ ಎಂದ ಶಿಷ್ಯರನ್ನು ಲೂಕ 9ರಲ್ಲಿ ಯೇಸು ಗದರಿಸುತ್ತಾನೆ. ಅವನೇ ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚಿ ಓದುತ್ತಾ, ಮುಯ್ಯಿ ತೀರಿಸುವ ದಿನದ ಮಾತು ಬರುವ ಹೊತ್ತಿಗೆ ಸುರುಳಿ ಸುತ್ತಿ ಕೂತುಬಿಡುತ್ತಾನೆ. ಕ್ರಿಸ್ತನಲ್ಲಿ ಕಂಡ ದೇವರಿಗೆ ಹೊಂದದ ಅಪ್ಪಣೆ ಎದುರಾದಾಗ, ದೇವರು ಹಾಗೆ ಹೇಳಿದನೆಂದು ನಾನು ನಂಬುವುದಿಲ್ಲ, ಸಮುವೇಲ ಹಾಗೆ ಕೇಳಿಸಿಕೊಂಡನೆಂದು ನಂಬುತ್ತೇನೆ. ಇಷ್ಟು ಹೇಳಿದ್ದಕ್ಕೇ ನನ್ನನ್ನು ವಿಶ್ವಾಸಿಯಲ್ಲ ಎನ್ನುವವರಿದ್ದಾರೆ. ಆದರೆ 1965ರ ವ್ಯಾಟಿಕನ್ ಮಹಾಸಭೆಯೇ ಹಳೆ ಒಡಂಬಡಿಕೆಯಲ್ಲಿ ಅಪೂರ್ಣವೂ ತಾತ್ಕಾಲಿಕವೂ ಆದ ಸಂಗತಿಗಳಿವೆ ಎಂದು ಒಪ್ಪಿಕೊಂಡಿದೆ.

ಮನಸ್ಸಿಗೆ ಹಿಡಿಸಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟ ಹಾಗಾಯಿತಲ್ಲ ಎನ್ನುತ್ತೀರೇನೋ. ಈ ಪ್ರಶ್ನೆ ಬಂದಾಗೆಲ್ಲ ನನಗೆ ಅಮೆರಿಕದ ಕರಿಯ ಗುರು ಹೋವರ್ಡ್ ಥರ್ಮನ್‌ರ ಅಜ್ಜಿ ನೆನಪಾಗುತ್ತಾರೆ. (1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡು ಮಾತಾಡಿದ ಥರ್ಮನ್ ಇವರೇ.) ಅಜ್ಜಿ ಗುಲಾಮಗಿರಿಯಲ್ಲಿ ಹುಟ್ಟಿದವರು, ಅಕ್ಷರ ಬಾರದು, ಮೊಮ್ಮಗ ಬೈಬಲ್ ಓದಿ ಹೇಳಬೇಕು. ಹೊಸ ಒಡಂಬಡಿಕೆಯ ಪೌಲನ ಪತ್ರಿಕೆಗಳನ್ನು ಮಾತ್ರ ಓದಗೊಡುತ್ತಿರಲಿಲ್ಲ, ಪ್ರೀತಿಯ ಕುರಿತ 1 ಕೊರಿಂಥ 13 ಆಗೊಮ್ಮೆ ಈಗೊಮ್ಮೆ, ಅಷ್ಟೆ. ಏಕೆಂದರೆ ಯಜಮಾನನ ಪಾದ್ರಿ ಗುಲಾಮರಿಗೆ ವರ್ಷದಲ್ಲಿ ಹಲವು ಸಲ ಪೌಲನದೇ ವಾಕ್ಯ ಹೇಳುತ್ತಿದ್ದ: ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ. ಬಿಡುಗಡೆಯಾದರೆ ಆ ಭಾಗ ಓದುವುದಿಲ್ಲ ಎಂದು ಆಕೆ ಆಗಲೇ ಹರಕೆ ಹೊತ್ತಿದ್ದರು. ಯಜಮಾನರೂ ಆರಿಸಿಯೇ ಓದಿದವರು. 1807ರಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರಿಗಾಗಿ ಅಚ್ಚಾದ ಬೈಬಲ್ಲಿನಲ್ಲಿ ಇಸ್ರಾಯೇಲ್ಯರು ದಾಸತ್ವದಿಂದ ಹೊರಬಂದ ಕಥೆಯನ್ನೇ ತೆಗೆದುಹಾಕಿದ್ದರು. ಆರಿಸದೆ ಓದಿದವರು ಯಾರೂ ಇಲ್ಲ. ಯಾರ ಬೆನ್ನಿನ ಕಡೆಯಿಂದ ಆರಿಸುತ್ತೀರಿ ಎನ್ನುವುದನ್ನು ನಾನು ನೋಡುತ್ತೇನೆ.

ಹಾಗೆಂದು ಶಾಪದ ಕೀರ್ತನೆಗಳನ್ನು ತೆಗೆದುಹಾಕಿ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಬುಧವಾರದ ಪ್ರಾರ್ಥನಾ ಕೂಟಕ್ಕೆ ಒಬ್ಬ ಹಿರಿಯ ವಿಧವೆ ಬರುತ್ತಿದ್ದರು. ಮೈದುನ ಸುಳ್ಳು ಕಾಗದ ಮಾಡಿಸಿ ಅವರ ಹೊಲ ಬರೆಸಿಕೊಂಡಿದ್ದ. ಕೀರ್ತನೆ ಓದುವ ಸರದಿ ಬಂದ ದಿನ ದಾರ ಕಟ್ಟಿದ ಕನ್ನಡಕ ಏರಿಸಿ, ಸೂಚಿಸಿದ ಪುಟ ಬಿಟ್ಟು, 109 ತೆಗೆದರು. ಅವನ ಆಯುಷ್ಯ ಕಡಿಮೆಯಾಗಲಿ, ಅವನ ಹೆಂಡತಿ ವಿಧವೆಯಾಗಲಿ, ಅವನ ಮಕ್ಕಳು ತಿರಿದು ತಿನ್ನಲಿ. ಒಂದೊಂದು ಸಾಲಿನ ಕೆಳಗೂ ಬೆರಳು ಸರಿಸುತ್ತ, ಅವಸರವಿಲ್ಲದೆ, ಕೊನೆತನಕ. ಯಾರೂ ಆಮೆನ್ ಎನ್ನಲಿಲ್ಲ, ಯಾರೂ ತಡೆಯಲೂ ಇಲ್ಲ. ಮುಗಿಸಿ ಪುಸ್ತಕ ಮುಚ್ಚಿ, "ಹೇಳ್ಬೇಕಾದವನಿಗೆ ಹೇಳೀನಿ, ಇನ್ನ ಅಂವ ನೋಡ್ಕೋತಾನ" ಎಂದು ಚಹಾ ಲೋಟ ಕೈಗೆತ್ತಿಕೊಂಡರು. ಆ ಮೈದುನನ ಮಕ್ಕಳಿಗೆ ಪರೀಕ್ಷೆಯ ದಿನಗಳಲ್ಲಿ ಬುತ್ತಿ ಕಟ್ಟಿ ಕಳಿಸಿದವರೂ ಇದೇ ಅಜ್ಜಿ. ಆ ಕೀರ್ತನೆ ಅಪ್ಪಣೆಯಲ್ಲ, ದೂರು. ದೂರು ಕೊಡಲು ಅವರಿಗೆ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆದಿಕಾಂಡ 22ಕ್ಕೆ ಬಂದರೆ ನನ್ನ ಮಾತು ನಿಲ್ಲುತ್ತದೆ. 18ರಲ್ಲಿ ಸೊದೋಮಿನ ಅಪರಿಚಿತರಿಗಾಗಿ, ಇಷ್ಟು ಮಂದಿ ನೀತಿವಂತರಿದ್ದರೆ ಊರನ್ನು ಉಳಿಸು ಎಂದು 50ರಿಂದ 10ರವರೆಗೆ ದೇವರೊಂದಿಗೆ ಚೌಕಾಶಿ ಮಾಡಿದ ಅಬ್ರಹಾಮ, ಮಗ ಇಸಾಕನನ್ನು ಬಲಿ ಕೊಡು ಎಂದಾಗ ಒಂದು ಮಾತೂ ಎದುರಾಡದೆ ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಹಾಕುತ್ತಾನೆ. ಕೊನೆಗೆ ದೇವರು ತಡೆದ, ನಿಜ. ನರಬಲಿ ಬೇಡವೆಂದು ತೋರಿಸಲೆಂದೇ ಈ ಕಥೆ ಎನ್ನುತ್ತಾರೆ, ಇರಬಹುದು. ಆದರೆ ಮೂರು ದಿನ ಆ ಹುಡುಗ ಅಪ್ಪನ ಜೊತೆ ನಡೆದ. ಮುಂದಿನ ಅಧ್ಯಾಯದ ಆರಂಭದಲ್ಲೇ ಅವನ ತಾಯಿ ಸಾರಳು ಸಾಯುತ್ತಾಳೆ. ಅಮ್ಮ ತೀರಿಕೊಂಡ ಮೇಲೆ ಅವರ ಸತ್ಯವೇದ ನನ್ನ ಪಾಲಿಗೆ ಬಂತು. ಅದರಲ್ಲಿ ಬಹುತೇಕ ಪುಟಗಳಿಗೆ ಗುರುತಿಲ್ಲ. ಆ ಅಧ್ಯಾಯದ ಅಂಚಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ, ಅಡುಗೆಮನೆಯ ಲೆಕ್ಕ ಬರೆಯುವ ಸಣ್ಣ ಅಕ್ಷರದಲ್ಲಿ, ಹೀಗೆ ಬರೆದಿದ್ದಾರೆ: ಸಾರಳಿಗೆ ಹೇಳಿ ಹೋಗಿದ್ದನೇ?